ಬಿದ್ದ ಮೇಲೆ ಅಮ್ಮನನ್ನು ಕೂರಿಸಿಬಿಡಬೇಡಿ

ಪ್ರಶ್ನೆ: ನನ್ನ ತಾಯಿಗೆ 74 ವರ್ಷ. ಸೋನೆ ಹಿಡಿದಿದ್ದಾಗ ಬಚ್ಚಲ ಹತ್ತಿರ ಪಾಚಿ ಮೇಲೆ ಕಾಲಿಟ್ಟು ಜಾರಿ ಬಿದ್ದರು. ಎಕ್ಸ್‌ರೇಯಲ್ಲಿ ಮೂಳೆಗೆ ಏನೂ ಆಗಿರಲಿಲ್ಲ. ಮತ್ತೆ ಬೀಳುತ್ತಾರೆಂದು ಹೆದರಿ ಕೊಟ್ಟಿಗೆ, ಹಿತ್ತಲ ಕಡೆ ಬಿಡುತ್ತಿಲ್ಲ. ಊಟ, ಕಾಫಿ ಎಲ್ಲ ಕೂತಲ್ಲಿಗೇ. ಆದರೂ ಎದ್ದರೆ ಜೋಲಿ ಹೊಡೆಯುತ್ತಾರೆ.
– ಓದುಗರು, ಅರಕಲಗೂಡು

ಉತ್ತರ: ನೀವು ಪ್ರೀತಿಯಿಂದಲೇ ಕೂರಿಸಿದ್ದೀರಿ. ಆದರೆ ಜೋಲಿ ಹೆಚ್ಚಲು ಅದೇ ಕಾರಣವಾಗಿರಬಹುದು. ಈ ವಯಸ್ಸಿನಲ್ಲಿ ಕೆಲವೇ ದಿನ ಓಡಾಟ ನಿಂತರೂ ತೊಡೆಯ ಕಸುವು ಇಳಿಯುತ್ತದೆ. ಕಸುವು ಇಳಿದಷ್ಟೂ ಹೆದರಿಕೆ, ಹೆದರಿದಷ್ಟೂ ಕೂರುವುದು.

ಮೊನ್ನೆ ನನ್ನ ಹತ್ತಿರ ಬಂದ ಅಜ್ಜಿಯೊಬ್ಬರಿಗೆ, 'ಕೈ ಊರದೆ ಎದ್ದು ನಿಲ್ಲಿ ಅಜ್ಜಿ' ಎಂದೆ. ಸೆರಗು ಸಿಕ್ಕಿಸಿಕೊಂಡರು, ಎರಡು ಸಲ ಮುಂದಕ್ಕೆ ಬಾಗಿದರು, ಕೊನೆಗೆ ಎರಡೂ ಕೈ ಮಂಡಿಗೆ ಒತ್ತಿಯೇ ಎದ್ದರು. ತೊಡೆ ಮಾಡಬೇಕಾದ ಕೆಲಸವನ್ನು ಕೈ ಮಾಡುತ್ತಿತ್ತು. ಅವರ ವ್ಯಾಯಾಮವನ್ನು ಅಲ್ಲಿಂದಲೇ ಶುರು ಮಾಡಿದೆವು.

ನಿಮ್ಮ ತಾಯಿಗೂ ಹಾಗೇ ಮಾಡಿಸಿ. ಅಲುಗಾಡದ ಕುರ್ಚಿಯನ್ನು ಗೋಡೆಗೆ ಆನಿಸಿಡಿ. ಅದರಿಂದ ಐದು ಸಲ ಎದ್ದು, ನಿಧಾನ ಕೂರಲಿ. ಮೊದಮೊದಲು ಕೈ ಊರಿದರೂ ಪರವಾಗಿಲ್ಲ. ಬರುಬರುತ್ತಾ ಒಂದೇ ಕೈ, ಆಮೇಲೆ ಬರಿಗೈ. ಆಮೇಲೆ ಜಗುಲಿಯ ಕಂಬವನ್ನೋ ಅಡುಗೆಮನೆ ಕಟ್ಟೆಯನ್ನೋ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ಹತ್ತು ಸಲ. ಕಟ್ಟೆಯುದ್ದಕ್ಕೂ ಅಡ್ಡಡ್ಡ ಹೆಜ್ಜೆ ಹಾಕಿ ಹೋಗಿ ಬರುವುದು. ಕೊನೆಗೆ ಒಂದು ಪಾದದ ಹಿಮ್ಮಡಿಯ ಹಿಂದೆ ಇನ್ನೊಂದು ಪಾದದ ಬೆರಳು ತಾಗುವಂತೆ ಇಟ್ಟು ಹತ್ತು ಎಣಿಸುವವರೆಗೆ ನಿಲ್ಲುವುದು. ಕೊಂಚ ಓಲಾಡಿದರೆ ಗಾಬರಿಯಾಗಬೇಡಿ; ಓಲಾಡಿ ಸಾವರಿಸಿಕೊಳ್ಳುವುದೇ ಇಲ್ಲಿ ಅಭ್ಯಾಸ. ಆದರೆ ಕೈಗೆಟುಕುವಲ್ಲಿ ಆಧಾರ ಇರಬೇಕು, ಪಕ್ಕದಲ್ಲಿ ನೀವು ಇರಬೇಕು. ಎದೆನೋವು, ತಲೆಸುತ್ತು ಬಂದರೆ ಅಲ್ಲಿಗೇ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಇದು ನನ್ನ ಸ್ವಂತ ಕಲ್ಪನೆಯಲ್ಲ. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು 80 ದಾಟಿದ 233 ಮಹಿಳೆಯರ ಮೇಲೆ ಪರೀಕ್ಷೆ ನಡೆಸಿ 1997ರಲ್ಲಿ ಪ್ರಕಟಿಸಿದರು. ಮನೆಯಲ್ಲೇ ಕಾಲಿನ ಬಲ ಮತ್ತು ಸಮತೋಲನದ ವ್ಯಾಯಾಮ ಮಾಡಿದವರಲ್ಲಿ ಬೀಳುವುದು ಸುಮಾರು ಮೂರನೇ ಒಂದು ಭಾಗ ಕಡಿಮೆಯಾಯಿತು. 80ರ ನಂತರವೂ ಕಾಲು ಕಲಿಯುತ್ತದೆ! ಆದರೆ ಎರಡೇ ವಾರಕ್ಕೆ ಫಲ ಕಾಣಲಿಲ್ಲವೆಂದು ಬಿಡಬೇಡಿ. ವಾರಕ್ಕೆ ಕನಿಷ್ಠ ಮೂರು ದಿನ, ತಿಂಗಳುಗಟ್ಟಲೆ ನಡೆಯಬೇಕು.

ಬಚ್ಚಲ ಪಾಚಿಯನ್ನು ಇವತ್ತೇ ಉಜ್ಜಿಸಿ. ಗೋಡೆಗೆ ಒಂದು ಹಿಡಿ ಹಾಕಿಸಿ.

ಪ್ರಶ್ನೆ: ನಮ್ಮ ತಂದೆ ದಿನಾ ಬೆಳಿಗ್ಗೆ ಕೆರೆ ಏರಿ ಮೇಲೆ ಮುಕ್ಕಾಲು ಗಂಟೆ ನಡೆಯುತ್ತಾರೆ. ಅಷ್ಟು ಸಾಲದೇ?
– ಓದುಗರು, ಚನ್ನರಾಯಪಟ್ಟಣ

ಉತ್ತರ: ಸಕ್ಕರೆ ಕಾಯಿಲೆಗೆ, ಹೃದಯಕ್ಕೆ ತುಂಬ ಒಳ್ಳೆಯದು, ನಿಲ್ಲಿಸುವುದು ಬೇಡ. ಆದರೆ ಬರೀ ನಡಿಗೆಯಿಂದ ಬೀಳುವುದು ಕಡಿಮೆಯಾಗುತ್ತದೆ ಎನ್ನುವಂತಿಲ್ಲ. ಹೊಸ್ತಿಲು ಎಡವಿದಾಗ, ಯಾರೋ ಕೂಗಿದರೆಂದು ತಟಕ್ಕನೆ ತಿರುಗಿದಾಗ ಮೈಯನ್ನು ಹಿಡಿದು ನಿಲ್ಲಿಸುವ ಕಸುಬು ಬೇರೆ. ಮೇಲೆ ಹೇಳಿದ ವ್ಯಾಯಾಮವನ್ನು ನಡಿಗೆಗೆ ಸೇರಿಸಿ. ಶ್ರವಣಬೆಳಗೊಳದ ಬೆಟ್ಟ ಹತ್ತುವ ಆಸೆಯಿದ್ದರೆ, ಮೊದಲು ಮನೆಯ ಒಂದೇ ಮೆಟ್ಟಿಲನ್ನು ಕಂಬಿ ಹಿಡಿದು ಹತ್ತಿ ಇಳಿಯುವುದು ರೂಢಿಯಾಗಲಿ. ಇಳಿಯುವಾಗಲೇ ಎಚ್ಚರ ಹೆಚ್ಚು ಬೇಕು. ದೂರಕ್ಕೂ ಓದಲಿಕ್ಕೂ ಒಂದೇ ಕನ್ನಡಕ ಹಾಕುವವರಿಗೆ ಕೆಳಗಿನ ಮೆಟ್ಟಿಲಿನ ಅಂಚು ಮಸುಕಾಗಿ ಕಾಣುತ್ತದೆ.

ಪ್ರಶ್ನೆ: ರಾತ್ರಿ ಮೂತ್ರಕ್ಕೆಂದು ಎದ್ದರೆ ಕಣ್ಣು ಕತ್ತಲೆ ಬರುತ್ತದೆ. ಬಿಪಿ ಮಾತ್ರೆ ನಿಲ್ಲಿಸಲೇ? ವಯಸ್ಸು 69.
– ಓದುಗರು, ಹೊಳೆನರಸೀಪುರ

ಉತ್ತರ: ನೀವಾಗಿಯೇ ನಿಲ್ಲಿಸಬೇಡಿ. ಮಲಗಿಸಿ ಒಮ್ಮೆ, ನಿಲ್ಲಿಸಿ ಒಂದು ನಿಮಿಷವಾದಾಗ ಒಮ್ಮೆ, ಮೂರು ನಿಮಿಷವಾದಾಗ ಇನ್ನೊಮ್ಮೆ ಬಿಪಿ ನೋಡಲು ವೈದ್ಯರನ್ನು ಕೇಳಿ. ನಿಂತಾಗ ಮೇಲಿನ ಅಂಕಿ 20 ಅಥವಾ ಹೆಚ್ಚು ಇಳಿದರೆ ಮಾತ್ರೆಯ ಪ್ರಮಾಣವನ್ನೋ ಹೊತ್ತನ್ನೋ ಅವರು ಬದಲಿಸಬಹುದು. ನಿದ್ದೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ. ಅಲ್ಲಿಯವರೆಗೆ ಮಂಚದ ಅಂಚಿನಲ್ಲಿ ಎರಡು ನಿಮಿಷ ಕೂತು, ಪಾದ ಮೇಲೆ ಕೆಳಗೆ ಆಡಿಸಿ, ದೀಪ ಹಾಕಿಯೇ ಏಳಿ. ಎಚ್ಚರ ತಪ್ಪಿ ಬಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಅಮ್ಮ ಹಾಸನದಲ್ಲಿ ಒಬ್ಬರೇ ಇದ್ದಾರೆ, ನಾವು ಬೆಂಗಳೂರಿನಲ್ಲಿ. ವ್ಯಾಯಾಮ ಮಾಡಿಸುವವರು ಯಾರು?
– ಓದುಗರು

ಉತ್ತರ: ಒಮ್ಮೆ ಜಿಲ್ಲಾಸ್ಪತ್ರೆಗೆ, ಅಂದರೆ ಹಾಸನ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ, ಕರೆದೊಯ್ದು ಫಿಸಿಯೋಥೆರಪಿಯವರಿಂದ ಅವರಿಗೆ ತಕ್ಕ ವ್ಯಾಯಾಮ ಹೇಳಿಸಿಕೊಳ್ಳಿ. ಹಿರಿಯರ ಆರೈಕೆಗೆಂದೇ 2010ರಿಂದ ರಾಷ್ಟ್ರೀಯ ಕಾರ್ಯಕ್ರಮವೊಂದಿದೆ, ಅದರ ಸೌಲಭ್ಯವನ್ನೂ ವಿಚಾರಿಸಿ. ಒಂಟಿಯಾಗಿರುವವರು ಆಧಾರ ಬಿಟ್ಟು ನಿಂತು ಮಾಡುವ ಭಾಗಕ್ಕೆ ಕೈಹಾಕುವುದು ಬೇಡ. ಅದು ನೀವು ಊರಿಗೆ ಹೋದಾಗ ಆಗಲಿ. ಕುರ್ಚಿಯಿಂದ ಏಳುವುದನ್ನು ಮಾತ್ರ ದಿನಾ ಸಂಜೆ ವಿಡಿಯೋ ಕರೆ ಮಾಡಿ, ನೀವೂ ಎದ್ದು ಕೂರುತ್ತಾ ಮಾಡಿಸಿ. ಫೋನಿನಲ್ಲಿ 'ಊಟ ಆಯ್ತಾ' ಎಂದು ಕೇಳಿದ ಮೇಲೆ ಇನ್ನೊಂದು ಮಾತೂ ಕೇಳಿ: 'ಅಮ್ಮಾ, ಇವತ್ತು ಕೈ ಊರದೆ ಎಷ್ಟು ಸಲ ಎದ್ದೆ?'