ಸೋದರಮಾವನ ಪೆಟ್ಟಿಗೆಯಲ್ಲಿ ಜಾಝ್

ಪ್ರಶ್ನೆ: ಕೆಜಿಎಫ್‌ನಲ್ಲಿ ಕೆಲಸದಲ್ಲಿದ್ದ ನನ್ನ ಸೋದರಮಾವ ತೀರಿಕೊಂಡ ಮೇಲೆ ಅವರ ಗ್ರಾಮಫೋನ್ ಪ್ಲೇಟುಗಳ ಪೆಟ್ಟಿಗೆ ನನ್ನ ಪಾಲಿಗೆ ಬಂದಿದೆ. ದಪ್ಪನೆಯ ಹಳೇ ಪ್ಲೇಟುಗಳೂ ಇವೆ, ಎಲ್ಪಿಗಳೂ ಇವೆ. ಎಲ್ಲವೂ ಜಾಝ್ ಅಂತ ಮಾವ ಹೇಳುತ್ತಿದ್ದರು. ಕೇಳಿದರೆ ಒಂದು ಕುಣಿಸುತ್ತದೆ, ಇನ್ನೊಂದು ತಲೆ ಕೆಡಿಸುತ್ತದೆ, ಮತ್ತೊಂದು ತಣ್ಣಗೆ ತನ್ನ ಪಾಡಿಗೆ ತಾನು ಹೋಗುತ್ತಿರುತ್ತದೆ. ಇವೆಲ್ಲ ಒಂದೇ ಸಂಗೀತ ಹೇಗಾದೀತು? ಸಂಗ್ರಹ ಬೆಳೆಸುವ ಆಸೆಯಿದೆ. ಯಾವ ಶೈಲಿಯಿಂದ ಶುರು ಮಾಡಲಿ? ಮೂಲ ಪ್ರತಿಗಳನ್ನೇ ಹುಡುಕಬೇಕೆ? ಇರುವುದರಲ್ಲಿ ಕೆಲವನ್ನು ಮಾರಿದರೆ ದುಡ್ಡು ಬರುತ್ತದೆಯೆ?
– ಓದುಗರೊಬ್ಬರು, ಮೈಸೂರು

ಉತ್ತರ: ಮೊದಲು ಎಚ್ಚರಿಕೆ, ಆಮೇಲೆ ಉತ್ತರ. ದಪ್ಪ ಪ್ಲೇಟುಗಳು ನಿಮಿಷಕ್ಕೆ 78 ಸುತ್ತು ತಿರುಗುವಂಥವು. ಅವುಗಳ ಜಾಡು ಅಗಲ. ಅದಕ್ಕೆ ಬೇಕಾದ ಮುಳ್ಳಿನ ತುದಿ ಎಲ್ಪಿ ಮುಳ್ಳಿಗಿಂತ ಸುಮಾರು ಮೂರು ಪಟ್ಟು ದಪ್ಪ. ಎಲ್ಪಿ ಮುಳ್ಳಿನಲ್ಲಿ ಅವನ್ನು ನುಡಿಸಿದರೆ ತುದಿ ಜಾಡಿನ ತಳದಲ್ಲಿ ಉಜ್ಜಿಕೊಂಡು ಬರೀ ಗರಗರ ಕೇಳಿಸುತ್ತದೆ. ಎಲ್ಪಿಯನ್ನು ಕೀ ಕೊಡುವ ಗ್ರಾಮಫೋನಿನ ಮೇಲಂತೂ ಇಡಲೇಬೇಡಿ, ಒಂದೇ ಸಲಕ್ಕೆ ಉತ್ತುಹಾಕುತ್ತದೆ. ದಪ್ಪ ಪ್ಲೇಟುಗಳನ್ನು ಸ್ಪಿರಿಟ್ ಹಾಕಿ ಒರೆಸಲೂಬೇಡಿ. ಚನ್ನಪಟ್ಟಣದ ಬೊಂಬೆಗೆ ಹೊಳಪು ಕೊಡುವ ಅರಗೇ ಅವುಗಳ ಜೀವಾಳ. ಜೊತೆಗೆ ಕಲ್ಲಿನ ಪುಡಿ, ಮಸಿ. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಒದ್ದೆ ಮೆತ್ತನೆ ಬಟ್ಟೆ ಸಾಕು, ಲೇಬಲ್ಲಿಗೆ ನೀರು ತಾಗದಂತೆ.

ಇನ್ನು ಶೈಲಿಯ ಮಾತು. ನ್ಯೂ ಆರ್ಲಿಯನ್ಸ್, ಸ್ವಿಂಗ್, ಬೀಬಾಪ್, ಕೂಲ್, ಹಾರ್ಡ್ ಬಾಪ್, ಫ್ರೀ ಎಂಬ ಹೆಸರುಗಳು ಅಂಗಡಿಯಲ್ಲಿ ರೆಕಾರ್ಡು ಜೋಡಿಸಿಡಲು ಬಹಳ ಅನುಕೂಲ. ಕೇಳುವವರಿಗೆ ಅಷ್ಟು ಅನುಕೂಲವಲ್ಲ. ಶೈಲಿ ಹಿಡಿದು ಸಂಗ್ರಹಿಸಲು ಹೊರಟವರು ಎರಡು ವರ್ಷದಲ್ಲಿ ಯಾವುದೋ ಒಂದು ಪಂಗಡದ ವಕೀಲರಾಗಿ ಉಳಿದದ್ದನ್ನೆಲ್ಲ ಹಳಿಯತೊಡಗುತ್ತಾರೆ. ನನ್ನ ಸಲಹೆ ಬೇರೆ: ಒಬ್ಬ ವಾದಕರ ಬೆನ್ನು ಹತ್ತಿ. ಅದಕ್ಕೂ ಮೊದಲು, ನಿಮ್ಮ ಪೆಟ್ಟಿಗೆಯ ಪ್ಲೇಟುಗಳು ಒಂದಕ್ಕೊಂದು ಸಂಬಂಧವೇ ಇಲ್ಲವೆಂಬಂತೆ ಏಕೆ ಕೇಳಿಸುತ್ತವೆ ಎಂಬುದನ್ನು ನೋಡೋಣ. ಅರ್ಧ ಕಾರಣ ಸಂಗೀತದ್ದು. ಉಳಿದರ್ಧ ರೆಕಾರ್ಡಿಂಗಿನದು.

ಮೊದಲ ಜಾಝ್ ಪ್ಲೇಟು ನ್ಯೂಯಾರ್ಕಿನಲ್ಲಿ ಮುದ್ರಣವಾದದ್ದು 1917ರ ಫೆಬ್ರುವರಿಯಲ್ಲಿ. ನುಡಿಸಿದವರು ಒರಿಜಿನಲ್ ಡಿಕ್ಸಿಲ್ಯಾಂಡ್ ಜಾಸ್ ಬ್ಯಾಂಡ್ ಎಂಬ ಬಿಳಿಯರ ತಂಡ. ಕರಿಯ ವಾದಕರು ಕಟ್ಟಿದ ಸಂಗೀತ ಬಿಳಿಯರ ಹೆಸರಿನಲ್ಲಿ ಅಂಗಡಿಗೆ ಬಂತು. ಕ್ಲಾರಿನೆಟ್ಟು ಹುಂಜದಂತೆ ಕೂಗುವ, ಟ್ರೊಂಬೋನು ಹಸುವಿನಂತೆ ಅಂಬಾ ಎನ್ನುವ ತಮಾಷೆಯ ಪ್ಲೇಟು ಅದು. ಒಮ್ಮೆ ಕೇಳಿ ನಕ್ಕು ಮುಂದೆ ಹೋಗಬಹುದು.

ನಿಲ್ಲಬೇಕಾದದ್ದು 1923ರಲ್ಲಿ. ಇಂಡಿಯಾನಾದ ರಿಚ್ಮಂಡ್ ಊರಿನ ಒಂದು ಪಿಯಾನೊ ಕಾರ್ಖಾನೆಯ ಆವರಣದಲ್ಲಿ ಜೆನೆಟ್ ಕಂಪನಿಯ ಸ್ಟುಡಿಯೊ ಇತ್ತು. ಪಕ್ಕದಲ್ಲೇ ರೈಲು ಹಳಿ, ಗಾಡಿ ಬಂದರೆ ರೆಕಾರ್ಡಿಂಗ್ ನಿಲ್ಲಿಸಬೇಕು. ಕಿಂಗ್ ಆಲಿವರ್ ಅವರ ಕ್ರಿಯೋಲ್ ಜಾಝ್ ಬ್ಯಾಂಡ್ ಅಲ್ಲಿ ನುಡಿಸಿತು. ಮೈಕು ಇನ್ನೂ ಬಂದಿರಲಿಲ್ಲ. ಗೋಡೆಯಿಂದ ಚಾಚಿದ ತುತ್ತೂರಿಯೊಳಗೆ ಎಲ್ಲರೂ ಊದಬೇಕು. ಆ ದನಿಯ ಒತ್ತಡವೇ ಮೇಣದ ಮೇಲೆ ಗೆರೆ ಕೊರೆಯಬೇಕು. ದೊಡ್ಡ ಡ್ರಮ್ಮು ಬಾರಿಸಿದರೆ ಕೊರೆಯುವ ಮುಳ್ಳು ಎಗರಿಬಿಡುತ್ತಿತ್ತು. ಹಾಗಾಗಿ ಬೇಬಿ ಡಾಡ್ಸ್ ಎಂಬ ಮಹಾ ಡ್ರಮ್ಮರ್ ಮರದ ತುಂಡುಗಳನ್ನು ಟಕಟಕ ಬಡಿಯುತ್ತ ಕೂರಬೇಕಾಯಿತು. ತಂಡದಲ್ಲಿ ಎರಡನೇ ಕಾರ್ನೆಟ್ ನುಡಿಸುತ್ತಿದ್ದ ಹುಡುಗನ ಊದು ಎಷ್ಟು ಜೋರೆಂದರೆ ಅವನನ್ನು ಉಳಿದವರಿಂದ ದೂರ, ಹಿಂದಕ್ಕೆ ನಿಲ್ಲಿಸಿದರಂತೆ. ಪಿಯಾನೊ ನುಡಿಸುತ್ತಿದ್ದ, ಮುಂದೆ ಅವನನ್ನೇ ಮದುವೆಯಾದ ಲಿಲ್ ಹಾರ್ಡಿನ್ ಇದನ್ನು ನೆನಪಿಸಿಕೊಂಡಿದ್ದಾರೆ. ಆ ಹುಡುಗ ಲೂಯಿ ಆರ್ಮ್‌ಸ್ಟ್ರಾಂಗ್. ಆ ಪ್ಲೇಟು ಕೇಳಿ ‘ಡ್ರಮ್ಮೇ ಇಲ್ಲವಲ್ಲ, ಎಂಥ ಸಪ್ಪೆ ಸಂಗೀತ’ ಎಂದರೆ ತುತ್ತೂರಿಯ ದೋಷವನ್ನು ತಂಡದ ತಲೆಗೆ ಕಟ್ಟಿದಂತೆ.

1925ರಲ್ಲಿ ಮೈಕು ಬಂತು. ಅದು ಬಂದಮೇಲೆ ಏನಾಯಿತೆಂದು ತಿಳಿಯಲು ಡ್ಯೂಕ್ ಎಲಿಂಗ್ಟನ್ ಅವರ ‘ಮೂಡ್ ಇಂಡಿಗೊ’ ಒಂದನ್ನೇ ಕೇಳಿದರೂ ಆದೀತು. 1930ರದ್ದು. ಟ್ರಂಪೆಟ್, ಟ್ರೊಂಬೋನ್, ಕ್ಲಾರಿನೆಟ್ ಮೂರೇ ಊದುವಾದ್ಯ ಸೇರಿ ಆರಂಭವಾಗುತ್ತದೆ. ಕ್ಲಾರಿನೆಟ್ ಮೇಲೆ, ಟ್ರೊಂಬೋನ್ ಕೆಳಗೆ ಇರುವುದು ರೂಢಿ. ಎಲಿಂಗ್ಟನ್ ಅದನ್ನು ಬುಡಮೇಲು ಮಾಡಿದರು: ಬಾಯಿಗೆ ಮುಚ್ಚಳವಿಟ್ಟ ಟ್ರಂಪೆಟ್ಟೂ ಟ್ರೊಂಬೋನೂ ಮೇಲೆ ಪಿಸುಗುಡುತ್ತವೆ, ಕ್ಲಾರಿನೆಟ್ಟು ತನ್ನ ಅತಿ ಕೆಳಗಿನ ಸ್ವರಗಳಲ್ಲಿ ತಳ ಹಿಡಿಯುತ್ತದೆ. ಮೂರೂ ಬೆರೆತು ಯಾವ ವಾದ್ಯದ್ದೂ ಅಲ್ಲದ ನಾಲ್ಕನೆಯ ನಾದವೊಂದು ತೇಲುತ್ತದೆ. ತುತ್ತೂರಿಯ ಕಾಲದಲ್ಲಿ ಇದು ಸಾಧ್ಯವೇ ಇರಲಿಲ್ಲ. ಪಿಸುಮಾತು ಮೇಣ ಕೊರೆಯಲಾರದು. ಮೈಕನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದದ್ದೆಂದು ಎಲಿಂಗ್ಟನ್ ಕೂಡ ಹೇಳಿಕೊಂಡಿದ್ದರು.

ಆ ಪ್ಲೇಟು ಮೂರು ನಿಮಿಷದ್ದು. ಹತ್ತಂಗುಲದ ಪ್ಲೇಟಿನ ಒಂದು ಮಗ್ಗುಲಿಗೆ ಹಿಡಿಸುವುದೇ ಅಷ್ಟು. 1902ರಲ್ಲಿ ಕೋಲ್ಕತ್ತದಲ್ಲಿ ಗೌಹರ್ ಜಾನ್ ರಾಗವೊಂದನ್ನು ಮೂರು ನಿಮಿಷಕ್ಕೆ ಇಳಿಸಿ ಹಾಡಿದರಲ್ಲ (ಕೊನೆಗಾಲದಲ್ಲಿ ನಿಮ್ಮ ಮೈಸೂರಿನ ಅರಮನೆಗೇ ಬಂದು, 1930ರಲ್ಲಿ ಆ ಊರಿನಲ್ಲೇ ತೀರಿಕೊಂಡರು), ಜಾಝ್‌ನವರೂ ಅದೇ ಇಕ್ಕಟ್ಟಿನಲ್ಲಿ ಕಲೆ ಕಟ್ಟಿದರು. 1935ರಲ್ಲಿ ತಾಯಿ ತೀರಿಕೊಂಡ ಮೇಲೆ ಎಲಿಂಗ್ಟನ್ ಬರೆದ ‘ರೆಮಿನಿಸಿಂಗ್ ಇನ್ ಟೆಂಪೊ’ ಮೂರು ನಿಮಿಷದಲ್ಲಿ ಮುಗಿಯುವ ದುಃಖವಾಗಿರಲಿಲ್ಲ. ಎರಡು ಪ್ಲೇಟಿನ ನಾಲ್ಕು ಮಗ್ಗುಲು ತೆಗೆದುಕೊಂಡಿತು. ಕೇಳುವವರು ನಡುನಡುವೆ ಎದ್ದು ಪ್ಲೇಟು ತಿರುವಿ ಹಾಕಬೇಕು. 1948ರಲ್ಲಿ ಕೊಲಂಬಿಯಾ ಕಂಪನಿ ಎಲ್ಪಿ ತಂದಿತು. 1950ರ ಡಿಸೆಂಬರಿನಲ್ಲಿ ಎಲಿಂಗ್ಟನ್ ಅದೇ ‘ಮೂಡ್ ಇಂಡಿಗೊ’ವನ್ನು ಎಲ್ಪಿಗಾಗಿ ಮತ್ತೆ ನುಡಿಸಿದರು: ಹದಿನೈದು ನಿಮಿಷ. ಎರಡನ್ನೂ ಒಂದೇ ಸಂಜೆ ಕೇಳಿ. ರಚನೆ ಅದೇ, ಯಜಮಾನರೂ ಅವರೇ. ಅಂಗಡಿಯವನು ಮಾತ್ರ ಎರಡನ್ನೂ ಬೇರೆ ಬೇರೆ ಗೂಡಿನಲ್ಲಿಡುತ್ತಾನೆ.

ತಲೆ ಕೆಡಿಸಿದ ಪ್ಲೇಟು ಯಾವುದೆಂದು ನೀವು ಬರೆದಿಲ್ಲ. ಬೀಬಾಪ್ ಇರಬೇಕು ಅಂತ ನನ್ನ ಊಹೆ. ಅದಕ್ಕೂ ಹಿಂದಿನದಕ್ಕೂ ನಡುವೆ ಸೇತುವೆ ಇಲ್ಲವೆನಿಸುವುದಕ್ಕೆ ಗಟ್ಟಿ ಕಾರಣವಿದೆ. 1942ರ ಆಗಸ್ಟ್ 1ರಿಂದ ಅಮೆರಿಕದ ಸಂಗೀತಗಾರರ ಸಂಘ ರೆಕಾರ್ಡಿಂಗ್ ಮುಷ್ಕರ ಹೂಡಿತು. ರೇಡಿಯೊದವರು, ಹೋಟೆಲಿನವರು ಪ್ಲೇಟು ಹಾಕಿ ವಾದಕರ ಹೊಟ್ಟೆಯ ಮೇಲೆ ಹೊಡೆಯುತ್ತಿದ್ದಾರೆ, ಪ್ಲೇಟು ಮಾರಾಟದಲ್ಲಿ ನಮ್ಮ ಸಂಘಕ್ಕೆ ಪಾಲು ಕೊಡಿ ಎಂಬುದು ಬೇಡಿಕೆ. ದೊಡ್ಡ ಕಂಪನಿಗಳಲ್ಲಿ ಡೆಕ್ಕಾ ಮರುವರ್ಷ ಮಣಿಯಿತು, ಕೊಲಂಬಿಯಾ ಮತ್ತು ವಿಕ್ಟರ್ 1944ರ ನವೆಂಬರ್‌ವರೆಗೆ ಹಟ ಹಿಡಿದವು. ಸಾಲದ್ದಕ್ಕೆ ಯುದ್ಧ, ಭಾರತದಿಂದ ಹಡಗಿನಲ್ಲಿ ಹೋಗಬೇಕಿದ್ದ ಅರಗಿಗೆ ಬರ, ಸರ್ಕಾರದ ರೇಷನ್ನು. ಛೋಟಾ ನಾಗಪುರದ ಕಾಡಿನ ಮರಗಳ ಮೇಲೆ ಒಂದು ಹುಳ ಸುರಿಸುವ ಅಂಟು ಬರದಿದ್ದರೆ ನ್ಯೂಯಾರ್ಕಿನಲ್ಲಿ ಪ್ಲೇಟಿಲ್ಲ! ಹಳೇ ಪ್ಲೇಟು ತಂದುಕೊಟ್ಟರೆ ಹೊಸದು ಎಂದು ಅಂಗಡಿಗಳು ಹೇಳತೊಡಗಿದವು. ಹಾರ್ಲೆಮ್ಮಿನ ಮಿಂಟನ್ಸ್ ಪ್ಲೇಹೌಸಿನಂಥ ಜಾಗಗಳಲ್ಲಿ ನಡುರಾತ್ರಿ ಕಳೆದ ಮೇಲೆ ಹುಡುಗರು ಹೊಸದೊಂದನ್ನು ಹದಕ್ಕೆ ತರುತ್ತಿದ್ದದ್ದು ಸರಿಯಾಗಿ ಇದೇ ಹೊತ್ತಿನಲ್ಲಿ. ಅದು ಬೆಳೆದದ್ದು ಹೆಚ್ಚುಕಡಿಮೆ ಯಾವ ಪ್ಲೇಟಿಗೂ ಏರಲಿಲ್ಲ. 1945ರ ನವೆಂಬರಿನಲ್ಲಿ ಆ ಹುಡುಗರಲ್ಲೊಬ್ಬರಾದ ಚಾರ್ಲಿ ಪಾರ್ಕರ್ ಸವಾಯ್ ಕಂಪನಿಗೆ ‘ಕೊ-ಕೊ’ ನುಡಿಸಿದಾಗ, ಬರೀ ಪ್ಲೇಟು ಕೇಳಿ ಬದುಕುತ್ತಿದ್ದವರಿಗೆ ಅದು ಆಕಾಶದಿಂದ ಉದುರಿದಂತಾಯಿತು. ನಿಮ್ಮ ಪೆಟ್ಟಿಗೆಯಲ್ಲೂ ಆ ಎರಡು ವರ್ಷ ಕಾಣೆಯಾಗಿವೆ, ಅಷ್ಟೆ.

ಈಗ ಬೆನ್ನು ಹತ್ತುವ ವಿಚಾರ. ನನ್ನ ಆಯ್ಕೆ ಟೆನರ್ ಸ್ಯಾಕ್ಸೊಫೋನಿನ ಕೋಲ್ಮನ್ ಹಾಕಿನ್ಸ್. 1924ರಲ್ಲಿ ಆರ್ಮ್‌ಸ್ಟ್ರಾಂಗ್ ನ್ಯೂಯಾರ್ಕಿಗೆ ಬಂದು ಫ್ಲೆಚರ್ ಹೆಂಡರ್ಸನ್ ತಂಡ ಸೇರಿದಾಗ ಹಾಕಿನ್ಸ್ ಆಗಲೇ ಅಲ್ಲಿದ್ದರು. ಆ ಪ್ಲೇಟುಗಳಲ್ಲಿ ಅವರ ಸ್ಯಾಕ್ಸು ಇನ್ನೂ ಟಪಟಪ ಹೆಜ್ಜೆ ಹಾಕುತ್ತದೆ. ಐದು ವರ್ಷ ಯುರೋಪಿನಲ್ಲಿದ್ದು ಮರಳಿದವರೇ 1939ರ ಅಕ್ಟೋಬರಿನಲ್ಲಿ ‘ಬಾಡಿ ಆ್ಯಂಡ್ ಸೋಲ್’ ನುಡಿಸಿದರು. ಮೊದಲ ಕೆಲವು ಪಟ್ಟುಗಳಲ್ಲಿ ಹಾಡಿನ ಮಟ್ಟು ಇದೆಯೋ ಇಲ್ಲವೋ ಎಂಬಂತೆ ಸುಳಿಯುತ್ತದೆ, ಆಮೇಲೆ ಮೂರು ನಿಮಿಷ ಮುಗಿಯುವವರೆಗೂ ಬರೀ ಮನೋಧರ್ಮ. ಅಂಥದ್ದನ್ನು ಜನ ಮುಗಿಬಿದ್ದು ಕೊಂಡರು. 1944ರಲ್ಲಿ ಹಿರಿಯರೆಲ್ಲ ಬೀಬಾಪ್ ಹುಡುಗರನ್ನು ಕಂಡು ಮೂಗು ಮುರಿಯುತ್ತಿದ್ದರೆ, ಹಾಕಿನ್ಸ್ ಡಿಝಿ ಗಿಲೆಸ್ಪಿಯನ್ನು ಸ್ಟುಡಿಯೊಗೆ ಕರೆದೊಯ್ದರು. ಯಾರಿಗೂ ಬೇಡವಾಗಿದ್ದ ಥೆಲೋನಿಯಸ್ ಮಂಕ್‌ಗೆ ತಮ್ಮ ತಂಡದಲ್ಲಿ ಪಿಯಾನೊ ಕೊಟ್ಟರು. ಮಂಕ್ ಆ ಋಣ ತೀರಿಸಿದ್ದು 1957ರಲ್ಲಿ. ರಿವರ್‌ಸೈಡ್ ಕಂಪನಿಯ ‘ಮಂಕ್ಸ್ ಮ್ಯೂಸಿಕ್’ ಎಲ್ಪಿಯಲ್ಲಿ ಈಗ ಯಜಮಾನ ಮಂಕ್, ಹಾಕಿನ್ಸ್ ತಂಡದಲ್ಲೊಬ್ಬರು, ಪಕ್ಕದಲ್ಲಿ ಇನ್ನೊಂದು ಟೆನರ್ ಹಿಡಿದ ಜಾನ್ ಕೋಲ್ಟ್ರೇನ್. ಒಂದು ಕಡೆ ಮಂಕ್ ‘ಕೋಲ್ಟ್ರೇನ್! ಕೋಲ್ಟ್ರೇನ್!’ ಎಂದು ಕೂಗಿ ಅವರನ್ನು ಎಬ್ಬಿಸುವುದು ರೆಕಾರ್ಡಿನಲ್ಲೇ ಕೇಳುತ್ತದೆ. ಮೂವತ್ತು ಚಿಲ್ಲರೆ ವರ್ಷ, ನಾಲ್ಕಾರು ಪ್ಲೇಟು, ಒಬ್ಬ ಮನುಷ್ಯ. ನಿಮ್ಮ ಮೊದಲ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನಲ್ಲಿಲ್ಲ.

ಹಾಕಿನ್ಸ್ ಹಿಡಿಸದಿದ್ದರೆ ಚಾರ್ಲಿ ಮರಿಯಾನೊ ಇದ್ದಾರೆ. 1963ರಲ್ಲಿ ಚಾರ್ಲ್ಸ್ ಮಿಂಗಸ್ ಅವರ ‘ದ ಬ್ಲ್ಯಾಕ್ ಸೇಂಟ್ ಆ್ಯಂಡ್ ದ ಸಿನ್ನರ್ ಲೇಡಿ’ಯಲ್ಲಿ ಆಲ್ಟೊ ಸ್ಯಾಕ್ಸನ್ನು ಅಳುವಂತೆ ನುಡಿಸಿದವರು. ನಾಗಸ್ವರದ ಗೀಳು ಹಿಡಿದು ಅದನ್ನೂ ಕಲಿತರು. 1983ರಲ್ಲಿ ಜರ್ಮನಿಯ ಇಸಿಎಂ ಕಂಪನಿಗೆ ‘ಜ್ಯೋತಿ’ ಎಂಬ ಎಲ್ಪಿ ಮಾಡಿದಾಗ ಜೊತೆಗಿದ್ದವರು ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನವರು: ಟಿ.ಎ.ಎಸ್. ಮಣಿಯವರ ಮೃದಂಗ, ಆರ್.ಎ. ರಮಾಮಣಿಯವರ ಗಾಯನ. ಕರ್ನಾಟಕ ಸಂಗೀತ ಕೇಳಿ ಬೆಳೆದ ಕಿವಿಗೆ ಈ ಬಾಗಿಲು ಸಲೀಸು.

ಮೂಲ ಪ್ರತಿ ಬೇಕೆ? ದಪ್ಪ ಪ್ಲೇಟಾದರೆ ಬೇಕು, ಎಲ್ಪಿಯಾದರೆ ಬೇಡ. ಈ ಮಾತಿಗೆ ಸಂಗ್ರಾಹಕ ಮಿತ್ರರು ನನ್ನ ಮೇಲೆ ಮುನಿಸಿಕೊಳ್ಳುತ್ತಾರೆ, ಇರಲಿ. ಮೂರು ನಿಮಿಷದ ಸಂಗೀತ ಆ ಪ್ಲೇಟಿಗೆಂದೇ ಅಳತೆ ಮಾಡಿ ಹೊಲಿದದ್ದು. ಮುಳ್ಳಿಟ್ಟಾಗ ಕೇಳುವ ಕಲ್ಲಿನ ಪುಡಿಯ ಸುಯ್‌ ಸದ್ದಿನ ಹಿಂದೆ ವಾದ್ಯ ಎದುರಿಗೇ ಎದ್ದು ನಿಲ್ಲುವ ಆ ಗಡಸು ಡಿಜಿಟಲ್ ಪ್ರತಿಯಲ್ಲಿ ಬಹುಮಟ್ಟಿಗೆ ಒರೆಸಿಹೋಗಿರುತ್ತದೆ. ಸ್ವಿಂಗ್ ಕಾಲದ ಸಾಮಾನ್ಯ ಪ್ಲೇಟುಗಳು ಅಗ್ಗವೂ ಹೌದು.

ಎಲ್ಪಿಯ ಕಥೆ ಬೇರೆ. ಬ್ಲೂ ನೋಟ್ ಕಂಪನಿಯ 1950ರ ದಶಕದ ಎಲ್ಪಿಗಳಲ್ಲಿ ಲೇಬಲ್ಲಿನ ಸುತ್ತ ಜಾಡಿಲ್ಲದ ನುಣುಪು ಜಾಗದಲ್ಲಿ ಕಿವಿಯಾಕಾರದ ಒಂದು ಪುಟ್ಟ ಗುರುತಿರುತ್ತದೆ, ಅಚ್ಚು ಹಾಕಿದ ಪ್ಲಾಸ್ಟಿಲೈಟ್ ಕಾರ್ಖಾನೆಯದ್ದು. ಪಕ್ಕದಲ್ಲಿ ಎಂಜಿನಿಯರ್ ರೂಡಿ ವ್ಯಾನ್ ಗೆಲ್ಡರ್ ಅವರ ಗುರುತು. ಹಗಲು ಕಣ್ಣಿನ ಪರೀಕ್ಷೆ ಮಾಡಿ ಕನ್ನಡಕ ಬರೆದುಕೊಡುತ್ತಿದ್ದ ಈ ಮನುಷ್ಯ 1959ರವರೆಗೂ ನ್ಯೂಜೆರ್ಸಿಯ ಹ್ಯಾಕೆನ್‌ಸ್ಯಾಕ್‌ನಲ್ಲಿ ಅಪ್ಪ ಅಮ್ಮನ ಮನೆಯ ಹಜಾರದಲ್ಲೇ ರೆಕಾರ್ಡ್ ಮಾಡುತ್ತಿದ್ದರು. ಆ ಕಿವಿ ಗುರುತು ಇದ್ದರೆ ಒಂದು ಬೆಲೆ, ಇಲ್ಲದಿದ್ದರೆ ಇನ್ನೊಂದು. ಹ್ಯಾಂಕ್ ಮೋಬ್ಲಿಯ ಬಿಎಲ್‌ಪಿ 1568 ಸಂಖ್ಯೆಯ ಎಲ್ಪಿ ಲಕ್ಷಗಟ್ಟಲೆ ರೂಪಾಯಿಗೆ ಕೈ ಬದಲಾಯಿಸುತ್ತದೆ. ಅದೇ ಮೂಲ ಟೇಪಿನಿಂದ ಶ್ರದ್ಧೆಯಿಂದ ಅಚ್ಚು ಹಾಕಿದ ಹೊಸ ಪ್ರತಿಗಳು ಬರುತ್ತಿರುವಾಗ ಗೀರುಬಿದ್ದ ಹಳೆಯದಕ್ಕೆ ಮನೆ ಮಾರುವುದು ಯಾವ ರಸಿಕತೆ? ಇನ್ನೂ ಮಜಾ ಬೇಕಿದ್ದರೆ ಮೈಲ್ಸ್ ಡೇವಿಸ್‌ರ ‘ಕೈಂಡ್ ಆಫ್ ಬ್ಲೂ’ ನೋಡಿ. 1959ರ ಮಾರ್ಚ್ 2ರಂದು ಟೇಪ್ ಯಂತ್ರ ಸ್ವಲ್ಪ ನಿಧಾನವಾಗಿ ಓಡಿತು. ಅದರಿಂದ ಮಾಡಿದ ಎಲ್ಪಿಯ ಮೊದಲ ಮಗ್ಗುಲು ಇರಬೇಕಾದದ್ದಕ್ಕಿಂತ ತುಸು ವೇಗವಾಗಿ, ಶ್ರುತಿ ತುಸು ಮೇಲೆ ನುಡಿಯುತ್ತದೆ. ಸರಿಪಡಿಸಿದ್ದು 1992ರಲ್ಲಿ. ಅಂದರೆ ಮೊದಲ ಅಚ್ಚಿಗೆ ದುಡ್ಡು ಸುರಿದವರು ತಪ್ಪು ಶ್ರುತಿಗೆ ದುಡ್ಡು ಸುರಿದಿದ್ದಾರೆ.

ದಪ್ಪ ಪ್ಲೇಟುಗಳಿಗೆ ಬೆಂಗಳೂರಿನ ಭಾನುವಾರದ ಬಜಾರು, ಮುಂಬೈಯ ಚೋರ್ ಬಜಾರು, ಕೋಲ್ಕತ್ತದ ಫ್ರೀ ಸ್ಕೂಲ್ ಸ್ಟ್ರೀಟು ಜಾಲಾಡಬೇಕು. ಪ್ಲೇಟಿನ ನಡುತೂತಿಗೆ ಬೆರಳು ತೂರಿಸಿ ಹಿಡಿದು, ಮಡಕೆ ಕೊಳ್ಳುವಾಗಿನ ಹಾಗೆ, ಅಂಚನ್ನು ಮೆಲ್ಲಗೆ ತಟ್ಟಿ. ಕಣ್ಣಿಗೆ ಕಾಣದ ಸೀಳಿದ್ದರೆ ಬೊಡ್ಡು ಸದ್ದು ಬರುತ್ತದೆ. ಲೇಬಲ್ಲಿನಲ್ಲಿ ‘ಫಾಕ್ಸ್‌ಟ್ರಾಟ್’ ಎಂದಿದ್ದ ಮಾತ್ರಕ್ಕೆ ಜಾಝ್ ಅಲ್ಲ. ವಿಕ್ಟರ್ ಸಿಲ್ವೆಸ್ಟರ್‌ರಂಥವರ ಪ್ಲೇಟುಗಳು ರಾಶಿ ಸಿಗುತ್ತವೆ. ಅವು ಕ್ಲಬ್ಬಿನಲ್ಲಿ ಹೆಜ್ಜೆ ತಪ್ಪದಂತೆ ಕುಣಿಯಲು ಮಾಡಿದವು.

ಮಾರಾಟದ ಮಾತು ಕೊನೆಗೆ. ಪೆಟ್ಟಿಗೆಯಲ್ಲಿ ಗ್ಲೆನ್ ಮಿಲ್ಲರ್ ಇದ್ದರೆ ಆಸೆ ಬೇಡ; ಆ ಕಾಲದಲ್ಲಿ ಲಕ್ಷಗಟ್ಟಲೆ ಮಾರಾಟವಾದದ್ದು, ಈಗ ಯಾರೂ ಹೆಚ್ಚು ಕೊಡುವುದಿಲ್ಲ. ಹುಡುಕಬೇಕಾದದ್ದು ನಮ್ಮ ದೇಶದಲ್ಲೇ ರೆಕಾರ್ಡಾದವನ್ನು. 1936ರಲ್ಲಿ ಮುಂಬೈಯಲ್ಲಿ ಕ್ರಿಕೆಟ್ ಸ್ಮಿತ್ ಎಂಬ ಅಮೆರಿಕದ ಟ್ರಂಪೆಟ್ ವಾದಕರ ತಂಡ ತಾಜ್ ಮಹಲ್ ಹೋಟೆಲಿನ ಹೆಸರಿನಲ್ಲೇ ಒಂದು ಫಾಕ್ಸ್‌ಟ್ರಾಟ್ ನುಡಿಸಿತ್ತು. ಯುದ್ಧದ ಕಾಲದಲ್ಲಿ ಕೋಲ್ಕತ್ತದ ಗ್ರ್ಯಾಂಡ್ ಹೋಟೆಲಿನಲ್ಲಿ ನುಡಿಸುತ್ತಿದ್ದು 1945ರಲ್ಲಿ ಅದೇ ಊರಿನಲ್ಲಿ ಕಾಲರಾದಿಂದ ತೀರಿಕೊಂಡ ಪಿಯಾನೊ ವಾದಕ ಟೆಡ್ಡಿ ವೆದರ್‌ಫರ್ಡ್ ಇಲ್ಲಿನ ಕೊಲಂಬಿಯಾಕ್ಕೆ ಹಲವು ಪ್ಲೇಟು ಕೊಟ್ಟರು. ಹಿಂದಿ ಚಿತ್ರಗಳ ಸಂಗೀತ ನಿರ್ದೇಶಕ ಸಿ. ರಾಮಚಂದ್ರರ ಜೊತೆಗೂ ದುಡಿದ ಗೋವಾದ ವಾದಕ ಚಿಕ್ ಚಾಕೊಲೇಟ್ ಕೂಡ ಇದ್ದರು. ಈ ಮೂರರಲ್ಲಿ ಯಾವ ಹೆಸರು ಲೇಬಲ್ಲಿನ ಮೇಲೆ ಕಂಡರೂ ರದ್ದಿಯವನಿಗೋ ಡೀಲರಿಗೋ ಮಾತು ಕೊಡಬೇಡಿ. ಎರಡೂ ಮಗ್ಗುಲಿನ ಫೋಟೊ ತೆಗೆದು ಈ ಅಂಕಣಕ್ಕೆ ಕಳಿಸಿ.