ಬಾಕ್ಸ್ ಹೆಚ್ಚಿಸಿದರೆ ಆಂಪ್ಲಿಫೈಯರ್ ಯಾಕೆ ಸುಡುತ್ತೆ?



ಗಣಪತಿ ಬಿಡೋ ದಿನ ನಮ್ಮ ಬೀದಿ ಟ್ರ್ಯಾಕ್ಟರಿನಲ್ಲಿ ಹಾಡು ಇದ್ದಕ್ಕಿದ್ದಂತೆ ನಿಂತಿದ್ದು ನಿಮಗೆ ನೆನಪಿರಬಹುದು. ಆದದ್ದು ಇಷ್ಟು. ಕಾರಿಗೆ ಹಾಕುವ ಆಂಪ್ಲಿಫೈಯರಿಗೆ 4 ಓಮ್‌ನ ಒಂದು ದೊಡ್ಡ ಬಾಕ್ಸ್ ಕೊಟ್ಟಿದ್ದರು. ಸೌಂಡ್ ಸಾಲದು ಅಂತ ಅಂಥದ್ದೇ ಇನ್ನೊಂದು ಬಾಕ್ಸ್ ತಂದು ಅದೇ ತಂತಿಗೆ ಸೇರಿಸಿದರು. ಸ್ವಲ್ಪ ಹೊತ್ತಿಗೆ ಫ್ಯೂಸ್ ಹೋಯಿತು. ನಮ್ಮ ಚಿಕ್ಕಪ್ಪ ಫ್ಯೂಸ್ ಬದಲು ತಾಮ್ರದ ತಂತಿ ಸುತ್ತಿದರು. ಆಮೇಲೆ ಬ್ಯಾಟರಿ ವೈರಿನ ಪ್ಲಾಸ್ಟಿಕ್ಕೇ ಕರಗಿ ಹೊಗೆ ಎದ್ದಿತು. ಟ್ರೇಲರಿನಲ್ಲಿ ಚಿಕ್ಕ ಮಕ್ಕಳು ಕೂತಿದ್ದರು! ಯಾರೋ ಬೇಗ ಬ್ಯಾಟರಿ ವೈರು ಕಿತ್ತಿದ್ದರಿಂದ ಅನಾಹುತ ತಪ್ಪಿತು.

"ಆಂಪ್ಲಿಫೈಯರ್ ಡೂಪ್ಲಿಕೇಟು" ಅಂತ ಎಲ್ಲರೂ ಅಂದರು. ಆದರೆ ಕಾರಣ ನಮ್ಮ ಪಾಠದಲ್ಲೇ ಇದೆ. ಅದು ಓಮ್‌ನ ನಿಯಮ.

ಲೆಕ್ಕ ನೋಡೋಣ

ವಿದ್ಯುತ್ ಪ್ರವಾಹ = ವೋಲ್ಟೇಜ್ ÷ ರೋಧ. ಸ್ಪೀಕರಿನ ರೋಧ ಹಾಡಿನ ಸ್ವರಕ್ಕೆ ತಕ್ಕಂತೆ ಹೆಚ್ಚು ಕಡಿಮೆ ಆಗುತ್ತೆ. ಅದಕ್ಕೇ ಅದನ್ನು ಇಂಪಿಡೆನ್ಸ್ ಅನ್ನುತ್ತಾರೆ. ಅಳೆಯುವುದು ಓಮ್‌ನಲ್ಲೇ. ಆಂಪ್ಲಿಫೈಯರ್ 12 ವೋಲ್ಟ್ ಹೊರಗೆ ಕೊಡುತ್ತೆ ಅಂತ ಇಟ್ಟುಕೊಳ್ಳೋಣ.

4 ಓಮ್‌ಗೆ: 3 ಆಂಪಿಯರ್, 36 ವ್ಯಾಟ್
2 ಓಮ್‌ಗೆ: 6 ಆಂಪಿಯರ್, 72 ವ್ಯಾಟ್
1 ಓಮ್‌ಗೆ: 12 ಆಂಪಿಯರ್, 144 ವ್ಯಾಟ್

4 ಓಮ್‌ನ ಎರಡು ಬಾಕ್ಸನ್ನು ಸಮಾಂತರವಾಗಿ ಜೋಡಿಸಿದರೆ ಒಟ್ಟು 8 ಆಗಲ್ಲ, 2 ಓಮ್ ಆಗುತ್ತೆ! ಹಾಗಾಗಿ ಬಾಕ್ಸ್ ಹೆಚ್ಚಾದಷ್ಟೂ ಓಮ್ ಇಳಿಯುತ್ತೆ, ಕರೆಂಟು ಏರುತ್ತೆ. ಒಳಗಿನ ಟ್ರಾನ್ಸಿಸ್ಟರುಗಳು ಕಾದು ಸುಡುತ್ತವೆ. ಬ್ಯಾಟರಿಯಿಂದ ಬರುವ ವೈರೂ ಕಾಯುತ್ತೆ.

ಬ್ರಿಡ್ಜ್ ಅಂದರೇನು?

ಆಂಪ್ಲಿಫೈಯರಿನ ಎಡ, ಬಲ ಎರಡೂ ಭಾಗ ಸೇರಿ ಒಂದೇ ಬಾಕ್ಸನ್ನು ನಡೆಸುವುದಕ್ಕೆ ಬ್ರಿಡ್ಜ್ ಅನ್ನುತ್ತಾರೆ. ಆಗ ಒಂದೊಂದು ಭಾಗಕ್ಕೂ ಅರ್ಧ ಓಮ್ ಮಾತ್ರ ಕಂಡ ಹಾಗೆ. 4 ಓಮ್ ಬಾಕ್ಸ್ ಕೊಟ್ಟರೆ ಒಂದು ಭಾಗಕ್ಕೆ 2 ಓಮ್. ಅದಕ್ಕೇ ಎಷ್ಟೋ ಆಂಪ್ಲಿಫೈಯರುಗಳ ಮೇಲೆ "ಸ್ಟೀರಿಯೋಗೆ 2 ಓಮ್, ಬ್ರಿಡ್ಜ್‌ಗೆ 4 ಓಮ್" ಅಂತ ಇರುತ್ತೆ. ನಮ್ಮ ಟ್ರ್ಯಾಕ್ಟರಿನದೂ ಹಾಗೇ ಇತ್ತು, ಬಾಕ್ಸ್ ಕೊಟ್ಟಿದ್ದೂ ಬ್ರಿಡ್ಜ್‌ಗೇ. ಎರಡನೇ ಬಾಕ್ಸ್ ಸೇರಿಸಿದ ಕೂಡಲೇ ಒಂದೊಂದು ಭಾಗಕ್ಕೆ 1 ಓಮ್ ಬಿತ್ತು. ತಪ್ಪಾಗಿದ್ದು ಅಲ್ಲೇ.

ನೆನಪಿಡಿ

1. ಆಂಪ್ಲಿಫೈಯರ್ ಮೇಲೆ ಬರೆದ ಕನಿಷ್ಠ ಓಮ್‌ಗಿಂತ ಕೆಳಗೆ ಹೋಗಬೇಡಿ.
2. ಜೋಡಿಸಿದ ಮೇಲೆ ಮಲ್ಟಿಮೀಟರಿನಲ್ಲಿ ಅಳೆಯಿರಿ. 4 ಓಮ್ ಸ್ಪೀಕರ್ ಮೀಟರಿನಲ್ಲಿ ಮೂರೂವರೆ ಹತ್ತಿರ ತೋರಿಸಿದರೆ ಗಾಬರಿ ಬೇಡ, ಅದು ಸರಿ. ಸೊನ್ನೆ ಹತ್ತಿರ ತೋರಿಸಿದರೆ ಎಲ್ಲೋ ತಂತಿಯ ಎಳೆ ತಾಗಿದೆ ಅಂತ ಅರ್ಥ.
3. ಫ್ಯೂಸ್ ಬ್ಯಾಟರಿಯ ಪ್ಲಸ್ ಹತ್ತಿರ, ಒಂದೂವರೆ ಅಡಿ ಒಳಗೇ ಇರಲಿ. ಫ್ಯೂಸ್ ಹೋದರೆ ಕಾರಣ ಹುಡುಕಿ. ತಂತಿ ಸುತ್ತಲೇಬೇಡಿ.
4. ಬ್ಯಾಟರಿ ವೈರು ದಪ್ಪ ಇರಲಿ. ಅರ್ಥ್ ವೈರೂ ಅಷ್ಟೇ ದಪ್ಪ ಇರಬೇಕು. ಬಣ್ಣ ಕೆರೆದ ಕಬ್ಬಿಣಕ್ಕೆ ಬಿಗಿಯಬೇಕು.
5. ಆಂಪ್ಲಿಫೈಯರ್ ಮೇಲೆ ಗೋಣಿಚೀಲ, ಹಾರ ಹಾಕಬೇಡಿ. ಗಾಳಿ ಆಡಬೇಕು.
6. ಕೆಲಸ ಶುರುಮಾಡುವ ಮೊದಲು ಬ್ಯಾಟರಿಯ ಮೈನಸ್ ವೈರು ಬಿಚ್ಚಿ. ಸುಟ್ಟ ವಾಸನೆ ಬಂದರೆ ತಕ್ಷಣ ಆಫ್ ಮಾಡಿ.

ಇನ್ನೊಂದು ಮಾತು. ವ್ಯಾಟ್ ಎರಡರಷ್ಟಾದರೂ ಸದ್ದು ಏರುವುದು ಬರೀ 3 ಡೆಸಿಬಲ್. ಕಿವಿಗೆ ಅದು ಎರಡರಷ್ಟು ಕೇಳಿಸಲ್ಲ. ಅಷ್ಟಕ್ಕೋಸ್ಕರ ಮಕ್ಕಳು ಕೂತ ಟ್ರೇಲರಿಗೆ ಬೆಂಕಿ ತರಬೇಕೇ? ಈ ಲೆಕ್ಕವನ್ನು ಚಿಕ್ಕಪ್ಪನಿಗೂ ತೋರಿಸಿದೆ. ಅವರು ಏನೂ ಅನ್ನಲಿಲ್ಲ. ಮಾರನೇ ದಿನ ಪೇಟೆಯಿಂದ ಸರಿಯಾದ ಫ್ಯೂಸ್ ತಂದರು.

ಯೋಚಿಸಿ: 4 ಓಮ್‌ನ ನಾಲ್ಕು ಬಾಕ್ಸ್ ಇವೆ. ಒಟ್ಟು ಮತ್ತೆ 4 ಓಮ್ ಬರುವಂತೆ ಜೋಡಿಸುವುದು ಹೇಗೆ?

(ಉತ್ತರ: ಎರಡೆರಡನ್ನು ಸರಣಿಯಲ್ಲಿ ಜೋಡಿಸಿ, ಆಮೇಲೆ ಆ ಎರಡು ಜೋಡಿಗಳನ್ನು ಸಮಾಂತರವಾಗಿ ಸೇರಿಸಬೇಕು.)