ಮೊಳೆ ಬೇಡ, ಬೆಣೆ ಸಾಕು: ಮಧ್ಯಯುಗದ ಶಿಬಿರಕ್ಕೊಂದು ಬಿಚ್ಚಿ ಜೋಡಿಸುವ ಬೆಂಚು

ಮಧ್ಯಯುಗದ ಬದುಕನ್ನು ಮರುಸೃಷ್ಟಿಸುವ ಶಿಬಿರಗಳಿಗೆ ಯುರೋಪ್, ಅಮೆರಿಕಗಳಲ್ಲಿ ದೊಡ್ಡ ಬಳಗವೇ ಇದೆ. ಪೋಲೆಂಡಿನ ಗ್ರುನ್‌ವಾಲ್ಡ್‌ನಲ್ಲಿ 1410ರ ಕದನವನ್ನು ಜುಲೈ ತಿಂಗಳಲ್ಲಿ ಮತ್ತೆ ಆಡಿ ತೋರಿಸುತ್ತಾರೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 1972ರಲ್ಲಿ ಆರಂಭವಾದ ‘ಪೆನ್ಸಿಕ್ ವಾರ್’ಗೆ ಸಾವಿರಾರು ಜನ ಬಂದು ಡೇರೆ ಹೂಡುತ್ತಾರೆ. ಉಡುಪು, ಕತ್ತಿ, ಗುರಾಣಿಗಳಿಗಾಗಿ ತಿಂಗಳುಗಟ್ಟಲೆ ದುಡಿದವರು ಡೇರೆಯ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿದರೆ ಅಷ್ಟೂ ಶ್ರಮ ಮಂಕಾಗುತ್ತದೆ.

ಮರದ ಸಾಮಾನು ಕಾರಿನಲ್ಲಿ ಹಿಡಿಸದು ಎಂಬ ಅಂಜಿಕೆ ಬೇಡ. ಆ ಕಾಲದ ಸಿರಿವಂತರೂ ಒಂದು ಕೋಟೆಯಿಂದ ಇನ್ನೊಂದಕ್ಕೆ ಸಾಮಾನು ಸಮೇತ ಸಾಗುತ್ತಿದ್ದವರು. ನಾರ್ವೆಯಲ್ಲಿ 1904ರಲ್ಲಿ ಅಗೆದ ಓಸೆಬರ್ಗ್ ಹಡಗಿನ ಸಮಾಧಿಯಲ್ಲಿ ಮಂಚ, ಡೇರೆಯ ಚೌಕಟ್ಟು ಕೂಡ ಸಿಕ್ಕವು. ಬಿಚ್ಚಿ ಒಯ್ಯುವುದು ಹಳೆಯ ಪದ್ಧತಿಯೇ. ಅದನ್ನು ಸಾಧ್ಯವಾಗಿಸಿದ್ದು ಬೆಣೆ. ಇಲ್ಲಿ ಹೇಳುತ್ತಿರುವ ಇಬ್ಬರು ಕೂರುವ ಬೆಂಚು ಯಾವುದೇ ಒಂದು ಹಳೆಯ ಬೆಂಚಿನ ನಕಲಲ್ಲ, ಆದರೆ ಜೋಡಣೆಯ ಕ್ರಮ ಆ ಕಾಲದ್ದೇ.

ಬೇಕಾಗುವ ಮರ (3 ಸೆಂ.ಮೀ. ದಪ್ಪ, ಪೈನ್ ಅಥವಾ ಓಕ್)

- ಕೂರುವ ಹಲಗೆ: 110 × 28 ಸೆಂ.ಮೀ., ಒಂದು
- ಕಾಲು ಹಲಗೆ: 45 × 28 ಸೆಂ.ಮೀ., ಎರಡು
- ಅಡ್ಡಪಟ್ಟಿ: 90 × 12 ಸೆಂ.ಮೀ., ಒಂದು
- ಬೆಣೆ: 12 ಸೆಂ.ಮೀ. ಉದ್ದ, 1 ಸೆಂ.ಮೀ. ದಪ್ಪದ ಗಟ್ಟಿಮರ, ಎರಡು

ಗರಗಸ, ಉಳಿ, ಕೊಡತಿ, ಬೈರಿಗೆ, ಮೂಲೆಮಟ್ಟ ಇದ್ದರೆ ಸಾಕು.

ಮಾಡುವ ಕ್ರಮ

1. ಕಾಲು ಹಲಗೆಗಳಲ್ಲಿ ಮರದ ಎಳೆ ಮೇಲಿನಿಂದ ಕೆಳಕ್ಕೆ ಇರಲಿ. ಅಡ್ಡ ಎಳೆಯ ಕಾಲು ಭಾರ ಬಿದ್ದಾಗ ಸೀಳುತ್ತದೆ.

2. ಪ್ರತಿ ಕಾಲಿನ ಮೇಲ್ತುದಿಯಲ್ಲಿ 6 ಸೆಂ.ಮೀ. ಅಗಲ, 3 ಸೆಂ.ಮೀ. ಎತ್ತರದ ಎರಡು ‘ನಾಲಿಗೆ’ಗಳನ್ನು ಉಳಿಸಿ, ಮಿಕ್ಕದ್ದನ್ನು ಕತ್ತರಿಸಿ. ನೆಲದಿಂದ 17 ಸೆಂ.ಮೀ. ಮೇಲೆ, ನಡುವೆ, 6 ಸೆಂ.ಮೀ. ಎತ್ತರ, 3 ಸೆಂ.ಮೀ. ಅಗಲದ ತೂತು ಕೊರೆಯಿರಿ. ಬೈರಿಗೆಯಿಂದ ರಂಧ್ರ ಹಾಕಿ, ಎರಡೂ ಬದಿಯಿಂದ ಉಳಿ ಹೊಡೆದರೆ ಅಂಚು ಕಿತ್ತುಬರುವುದಿಲ್ಲ.

3. ಅಡ್ಡಪಟ್ಟಿಯ ಎರಡೂ ತುದಿಯಲ್ಲಿ 13 ಸೆಂ.ಮೀ. ಉದ್ದ, 6 ಸೆಂ.ಮೀ. ಅಗಲದ ನಾಲಿಗೆ ತೆಗೆಯಿರಿ. ಅದು ಕಾಲಿನ ತೂತಿನಿಂದ 10 ಸೆಂ.ಮೀ. ಆಚೆ ಬರಬೇಕು.

4. ಬೆಣೆಯ ತೂತೇ ಇಡೀ ಬೆಂಚಿನ ಜೀವ. ನಾಲಿಗೆಯನ್ನು ತೂರಿಸಿ, ಕಾಲಿನ ಹೊರಮೈ ಎಲ್ಲಿ ಬರುತ್ತದೋ ಅಲ್ಲಿ ಗೆರೆ ಎಳೆಯಿರಿ. ತೂತು ಈ ಗೆರೆಗಿಂತ 3 ಮಿ.ಮೀ. ಒಳಗೆ ಶುರುವಾಗಲಿ, 3 ಸೆಂ.ಮೀ. ಉದ್ದ, 1 ಸೆಂ.ಮೀ. ಅಗಲವಿರಲಿ, ಮೇಲಿನಿಂದ ಕೆಳಕ್ಕೆ ಹಾಯಲಿ. ಗೆರೆಗೆ ಸರಿಯಾಗಿ ಕೊರೆದರೆ ಬೆಣೆ ತೂತಿನ ಗೋಡೆಗೇ ತಾಗಿ ನಿಲ್ಲುತ್ತದೆ, ಕಾಲನ್ನು ಒತ್ತುವುದಿಲ್ಲ.

5. ಬೆಣೆಯ ಅಗಲ ತಲೆಯಲ್ಲಿ 3.2, ತುದಿಯಲ್ಲಿ 2 ಸೆಂ.ಮೀ. ಇರಲಿ. ತೂತಿನ ಹೊರಗೋಡೆಯನ್ನು ಅದೇ ಓರೆಗೆ ಕೆತ್ತಿ. ಬೆಣೆಯನ್ನು ಅಡ್ಡಡ್ಡ ಹೊಡೆಯಬೇಡಿ. ನೆಟ್ಟಗೆ ಇಳಿಸಿದರೆ ಅಲುಗಿದಷ್ಟೂ ತನ್ನ ಭಾರಕ್ಕೇ ಬಿಗಿಯಾಗುತ್ತದೆ.

6. ಚೌಕಟ್ಟು ನಿಲ್ಲಿಸಿ ಕೊಡತಿಯಿಂದ ಬೆಣೆಗಳನ್ನು ಮೆಲ್ಲಗೆ ಬಡಿಯಿರಿ. ಮೊದಲು ಡಬ್ ಡಬ್ ಎನ್ನುವ ಸದ್ದು ಟಣ್ಣನೆ ಗಟ್ಟಿಯಾಗುತ್ತದೆ. ಅಲ್ಲಿಗೆ ನಿಲ್ಲಿಸಿ, ಇನ್ನೊಂದು ಪೆಟ್ಟಿಗೆ ನಾಲಿಗೆ ಸೀಳಬಹುದು.

7. ಹಲಗೆಯನ್ನು ಬೋರಲು ಹಾಕಿ, ಅದರ ಮೇಲೆ ಚೌಕಟ್ಟನ್ನು ತಲೆಕೆಳಗಾಗಿ ಇಟ್ಟು ನಾಲಿಗೆಗಳ ಗುರುತು ತೆಗೆದುಕೊಂಡು ತೂತು ಕೊರೆಯಿರಿ. ಎರಡೂ ಬದಿ 20 ಸೆಂ.ಮೀ. ಚಾಚು ಉಳಿಯಬೇಕು. ಮಳೆಗೆ ಮರ ಉಬ್ಬುವುದರಿಂದ ಕೂದಲೆಳೆಯಷ್ಟು ಸಡಿಲ ಬಿಡಿ.

ಕೊನೆಯ ಕೆಲಸ

ಹೊಳೆಯುವ ವಾರ್ನಿಷ್ ಬದಲು ಅಗಸೆ ಎಣ್ಣೆಯನ್ನು ತೆಳ್ಳಗೆ ಸವರಿ, ಒಣಗಿದ ಮೇಲೆ ಮತ್ತೊಮ್ಮೆ ಸವರಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಲೇಬೇಡಿ. ಒಣಗುವಾಗ ಅದು ತಾನಾಗಿಯೇ ಕಾದು ಹೊತ್ತಿಕೊಳ್ಳುತ್ತದೆ. ಬಯಲಿನಲ್ಲಿ ಹರವಿ ಒಣಗಿಸಿ.

ಕೈಯಲ್ಲಿ ಮಾಡಿದ ತೂತುಗಳು ಒಂದರಂತೆ ಇನ್ನೊಂದು ಇರುವುದಿಲ್ಲ. ಹೀಗಾಗಿ ಪ್ರತಿ ಜೋಡಣೆಯ ಎರಡೂ ಬದಿಗೆ ಉಳಿಯಿಂದ ಒಂದೇ ಗುರುತು ಕೆತ್ತಿ. ಮನೆಗಳ ಮರದ ಚೌಕಟ್ಟು ಕಟ್ಟುತ್ತಿದ್ದ ಮಧ್ಯಯುಗದ ಬಡಗಿಗಳೂ ರೋಮನ್ ಅಂಕಿಗಳನ್ನು ಹೀಗೆಯೇ ಕೆತ್ತುತ್ತಿದ್ದರು. ಈ ಬೆಂಚು ಕೈಗೆ ಕುದುರಿತೆಂದರೆ ಮೇಜು, ಮಂಚಗಳಿಗೂ ಇದೇ ನಾಲಿಗೆ, ಇದೇ ಬೆಣೆ. ಬದಲಾಗುವುದು ಅಳತೆ ಮಾತ್ರ.